ಬಾಲದ ತೂಕ

ಆ ಭಾನುವಾರ ಬೆಳಿಗ್ಗೆ ಎದ್ದಾಗಿನಿಂದ ಬಸ್ಸು ಹತ್ತುವವರೆಗೆ ಮಾಡಿದ ಕೆಲಸಗಳನ್ನು ಇವತ್ತಿಗೂ ಸಾಲಾಗಿ ಹೇಳಬಲ್ಲೆ. ಹಾಸಿಗೆ ಸುತ್ತಿಟ್ಟೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಬಚ್ಚಲೊಲೆಗೆ ತೆಂಗಿನ ಮಟ್ಟೆ ತುರುಕಿದೆ. ವರ್ತನೆಯವಳ ಹತ್ತಿರ ಹಾಲು ಹಾಕಿಸಿಕೊಂಡು, ಹಾಕಿದ ಮೇಲೆ ಒಂದಿಷ್ಟು ಕೊಸರು ಕೇಳಿದೆ. ಅಜ್ಜಿಯ ಮಡಿನೀರನ್ನು ಯಾರೂ ಮುಟ್ಟದ ಹಾಗೆ ಹಿತ್ತಲ ಬಾಗಿಲಲ್ಲಿ ಕಾವಲು ನಿಂತೆ. ಸಾಣೆಕಲ್ಲಿನ ಮೇಲೆ ಗಂಧ ತೇಯ್ದೆ. ದೇವರ ಗೂಡಿನ ಆಂಜನೇಯನ ಪಟಕ್ಕೆ ನಲವತ್ತನೆಯ ಬೊಟ್ಟು ಇಟ್ಟೆ. ಆಮೇಲೆ ನಡುಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ನನ್ನ ಕೊರಳಿನ ತಾಮ್ರದ ಅಂತ್ರ ಬಿಚ್ಚಿ, ಅಣ್ಣನ ವಿಮಾನದ ಬಾಲದೊಳಗೆ ತಳ್ಳಿ, ಅವನದೇ ಅಂಟು ಹಾಕಿ ಕೂರಿಸಿದೆ. ಕೈ ತೊಳೆದುಕೊಂಡು ಬಂದು ಅಮ್ಮನಿಗೆ ಕೊತ್ತಂಬರಿ ಸೊಪ್ಪು ಬಿಡಿಸಿಕೊಟ್ಟೆ. ಇಷ್ಟೇ. ಬೇರೆ ಕೆಲಸಗಳಿಗೆ ಎಷ್ಟು ಹೊತ್ತು ಹಿಡಿಯಿತೋ ಇದಕ್ಕೂ ಅಷ್ಟೇ ಹೊತ್ತು ಹಿಡಿದಿತ್ತು. ನನಗಾಗ ಹನ್ನೊಂದು ವರ್ಷ, ಅಣ್ಣನಿಗೆ ಹದಿನೇಳು ತುಂಬಿತ್ತು.

ಮುಳಬಾಗಿಲಿನ ನಮ್ಮ ಮನೆ ರೈಲುಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು ಕೋಣೆ. ಬೀದಿಗೆ ಜಗಲಿ, ಆಮೇಲೆ ಪಡಸಾಲೆ, ನಡುಮನೆ, ಅಡುಗೆಮನೆ, ಬಚ್ಚಲು, ಹಿತ್ತಲು. ನಡುಮನೆಗೆ ಕಿಟಕಿ ಇರಲಿಲ್ಲ. ಹೆಂಚುಗಳ ನಡುವೆ ಎರಡು ಗಾಜಿನ ಹೆಂಚು ಹಾಕಿಸಿದ್ದರು. ಅವುಗಳಿಂದ ಬಿಸಿಲು ಎರಡು ಹಲಗೆಯ ಹಾಗೆ ನೆಲಕ್ಕೆ ಬಿದ್ದು, ಬೆಳಿಗ್ಗೆ ಪಶ್ಚಿಮದ ಗೋಡೆಯ ಹತ್ತಿರ ಶುರುವಾಗಿ, ಸಂಜೆಗೆ ಪೂರ್ವದ ಗೋಡೆ ಹತ್ತಿ ಮಾಯವಾಗುತ್ತಿತ್ತು. ಅಣ್ಣ ವಿಮಾನ ಕಟ್ಟಿದ್ದು ಈ ಬಿಸಿಲಿನ ಜೊತೆ ಚಾಪೆ ಸರಿಸಿಕೊಂಡು. ಅಪ್ಪ ಸರ್ವೆ ಇಲಾಖೆಯಲ್ಲಿ ಸರ್ವೆಯರ್. ದಿನಾ ಬೆಳಿಗ್ಗೆ ಶ್ರೀನಿವಾಸಪುರದ ಬಸ್ಸಿಗೆ ಹೋಗಿ, ಹೊಲ ತೋಟ ಅಳೆದು, ಮಾವಿನ ಕಾಲದಲ್ಲಾದರೆ ಚೀಲದ ತುಂಬ ಕಾಯಿ ತಂದು, ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಮನೆಯಲ್ಲೂ ಅವರದು ಅಳತೆಯ ಕಣ್ಣು. ಗೋಡೆಗೆ ಮೊಳೆ ಹೊಡೆಯುವಾಗಲೂ ಒಂದು ಸಲ ತಾವು ಅಳೆದು, ಇನ್ನೊಂದು ಸಲ ನಮ್ಮಲ್ಲಿ ಯಾರನ್ನಾದರೂ ಕರೆದು ಅಳೆಸುತ್ತಿದ್ದರು. ಇಬ್ಬರ ಅಳತೆಯೂ ತಾಳೆಯಾದರೆ ಮಾತ್ರ ಸುತ್ತಿಗೆ ಎತ್ತುವುದು. ಅಜ್ಜಿ, ಅಂದರೆ ಅಪ್ಪನ ತಾಯಿ, ಪುಂಗನೂರಿನ ಕಡೆಯವರು. ಕೋಪ ಬಂದರೆ, ಪ್ರೀತಿ ಉಕ್ಕಿದರೆ, ಎರಡಕ್ಕೂ ತೆಲುಗು.

ವಿಮಾನದ ಹುಚ್ಚು ಹತ್ತಿಸಿದ್ದು ಅಮ್ಮನ ತಮ್ಮ, ಗೋಪಿ ಮಾಮ. ಬೆಂಗಳೂರಿನಲ್ಲಿ ವಿಮಾನದ ಭಾಗಗಳನ್ನು ಮಾಡುವ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅಲ್ಲಿನ ಕೆಲವರು ಭಾನುವಾರ ಬಯಲಿಗೆ ಹೋಗಿ ಪುಟ್ಟ ವಿಮಾನಗಳನ್ನು ರೇಡಿಯೋ ಪೆಟ್ಟಿಗೆಯಿಂದ ಹಾರಿಸುತ್ತಿದ್ದರಂತೆ. ಅವರಲ್ಲೊಬ್ಬರು ಹೊಸ ಪೆಟ್ಟಿಗೆ ತರಿಸಿಕೊಂಡಾಗ ಹಳೆಯದನ್ನು ಮಾಮನಿಗೆ ಕೊಟ್ಟರು, ಅದರ ಜೊತೆಗೆ ನಿಂಬೆಹಣ್ಣಿನ ಗಾತ್ರದ ಒಂದು ಎಂಜಿನ್ನೂ ಬಂತು. ಮಾಮ ಎರಡನ್ನೂ ಟವೆಲಿನಲ್ಲಿ ಸುತ್ತಿಕೊಂಡು ಬಂದು ನಡುಮನೆಯಲ್ಲಿ ಬಿಚ್ಚಿದಾಗ ಅಜ್ಜಿ ಮಡಿಸೀರೆಯನ್ನು ಮೊಳಕಾಲಿಗೆ ಎತ್ತಿಕೊಂಡು ದೂರದಿಂದಲೇ ನೋಡಿದರು. ಬೂದು ಬಣ್ಣದ ಪೆಟ್ಟಿಗೆ, ಎದೆಯ ಮೇಲೆ ಎರಡು ಕಡ್ಡಿ, ಎಳೆದರೆ ಉದ್ದವಾಗುವ ಏರಿಯಲ್ಲು.

"ರೇಡಿಯೋ ಅಂತೀರಿ, ಇದ್ರಲ್ಲಿ ವಾರ್ತೆ ಬರಲ್ವೇನೋ?"

"ಇಲ್ಲ ಅಜ್ಜಿ, ಇದು ಕೇಳೋ ರೇಡಿಯೋ ಅಲ್ಲ, ಹೇಳೋ ರೇಡಿಯೋ. ನಾವು ಹೇಳಿದ್ದು ವಿಮಾನ ಕೇಳುತ್ತೆ," ಅಂದ ಅಣ್ಣ.

"ಹಂಗಾದ್ರೆ ಈ ಮನೇಲಿ ಹೇಳಿದ ಮಾತು ಕೇಳೋದು ಅದೊಂದೇ ಆಗುತ್ತೆ ಬಿಡು."

ಅದು ಬರೀ ಆಟವಾಗಿರಲಿಲ್ಲ. ಮಾಮನ ಕಾರ್ಖಾನೆಯಲ್ಲಿ ಹುಡುಗರಿಗೆ ಕೆಲಸ ಕಲಿಸುವ ಶಾಲೆಯೊಂದಿತ್ತು. ಅಣ್ಣನಿಗೆ ಅಲ್ಲಿ ಸೇರುವ ಆಸೆ. ಅಂಕಗಳ ಜೊತೆಗೆ ಕೈ ಹೇಗಿದೆ ಅಂತಲೂ ನೋಡುತ್ತಾರೆ, ನೀನೇ ಕಟ್ಟಿದ್ದು ಹಾರಿತು ಅಂದರೆ ನಾನು ಧೈರ್ಯವಾಗಿ ಮುಂದೆ ನಿಂತು ಅರ್ಜಿ ಹಾಕಿಸುತ್ತೇನೆ ಅಂತ ಮಾಮ ಹೇಳಿದರು. ಅಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೇಳಿಸಿಕೊಂಡರು. ಅವರಿಗೆ ಮಗ ಬಿ.ಕಾಂ. ಓದಿ ಊರಿನ ಹತ್ತಿರವೇ ಎಲ್ಲಾದರೂ ಕೂತರೆ ಸಾಕಿತ್ತು. ಆದರೂ ಇಲ್ಲ ಅನ್ನಲಿಲ್ಲ. ಹಾರಲಿ, ಹಾರಿದರೆ ನಾನೇ ಕರೆದುಕೊಂಡು ಹೋಗಿ ಬಿಟ್ಟು ಬರುತ್ತೇನೆ ಅಂದರು. ಅಪ್ಪ ಆಡಿದರೆ ಆಡಿದ ಹಾಗೆ. ಅವತ್ತಿನಿಂದ ಅಣ್ಣನ ಮುಂದಿನ ದಾರಿಯೆಲ್ಲ ಆ ವಿಮಾನದ ಮೇಲೆ ಕೂತಿತು.

ಯಾವ ವಿಮಾನ ಅನ್ನುವುದಕ್ಕೇ ಮನೆಯಲ್ಲಿ ಒಂದು ವಾರ ಜಗಳ. ಮಾಮ ಮೂರು ನಕ್ಷೆ ಕಳಿಸಿದ್ದರು. ಒಂದು ಯುದ್ಧವಿಮಾನದ ಹಾಗೆ ಚೂಪು ಮೂತಿಯದು, ರೆಕ್ಕೆ ಹೊಟ್ಟೆಯ ಕೆಳಗೆ. ಇನ್ನೊಂದಕ್ಕೆ ಎರಡೆರಡು ರೆಕ್ಕೆ. ಮೂರನೆಯದು ದಪ್ಪ ಹೊಟ್ಟೆಯ, ಬೆನ್ನ ಮೇಲೆ ಅಗಲ ರೆಕ್ಕೆಯ, ಹೇಂಟೆಯಂಥದ್ದು. ಅಣ್ಣನ ಕಣ್ಣು ಮೊದಲನೆಯದರ ಮೇಲೆ. ಆ ನಕ್ಷೆಯನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ. ಮೊದಲ ಸಲ ಕಟ್ಟುವವರು ಮೂರನೆಯದನ್ನೇ ಕಟ್ಟಬೇಕು, ರೆಕ್ಕೆ ಮೇಲಿದ್ದರೆ ಕೈ ತಪ್ಪಿದರೂ ತಾನೇ ಸುಧಾರಿಸಿಕೊಳ್ಳುತ್ತೆ ಅಂತ ಮಾಮ ಬರೆದಿದ್ದರು. ಅಪ್ಪ ಮೂರೂ ನಕ್ಷೆಗಳನ್ನು ಊಟವಾದ ಮೇಲೆ ಹರಡಿಕೊಂಡು, ಜಮೀನಿನ ನಕಾಶೆ ನೋಡುವ ಹಾಗೆ ಬೆರಳಿಟ್ಟು ನೋಡಿ, ಯಾವುದು ಬಿದ್ದರೆ ಕಡಿಮೆ ಮುರಿಯುತ್ತೆ ಅಂತ ಒಂದೇ ಪ್ರಶ್ನೆ ಕೇಳಿದರು. ಅಣ್ಣನಿಗೆ ಸಿಟ್ಟು. ಹಾರೋ ಮುಂಚೆನೇ ಬೀಳೋ ಮಾತಾಡ್ತಾರೆ ಅಂತ ಎರಡು ದಿನ ಅಪ್ಪನ ಜೊತೆ ಕೂತು ಉಣ್ಣಲಿಲ್ಲ. ತೀರ್ಮಾನ ಮಾಡಿದ್ದು ಅಜ್ಜಿ. ರೆಕ್ಕೆ ತಲೆ ಮೇಲಿದ್ದರೆ ಕೊಡೆ ಹಿಡಿದ ಹಾಗಿರುತ್ತೆ ನಾಯನಾ, ಬಿಸಿಲಲ್ಲಿ ಹೋಗೋ ಮಗು, ಅದನ್ನೇ ಮಾಡು ಅಂದರು. ಅಣ್ಣ ನಕ್ಕುಬಿಟ್ಟ. ನಕ್ಕ ಮೇಲೆ ಹಟ ನಿಲ್ಲಲಿಲ್ಲ. ಹೇಂಟೆಯೇ ಗತಿಯಾಯಿತು, ಆಮೇಲೆ ಮನೆಯಲ್ಲಿ ಎಲ್ಲರೂ ಅದನ್ನು ಹೇಂಟೆ ಅಂತಲೇ ಕರೆದೆವು.

ಮರ ಬೆಂಗಳೂರಿನಿಂದ ಬಂತು. ಬಾಲ್ಸಾ ಅಂತ ಅದರ ಹೆಸರು. ಒಂದು ಹಲಗೆಯನ್ನು ನನ್ನ ಅಂಗೈ ಮೇಲೆ ಇಟ್ಟಾಗ ಇಟ್ಟದ್ದೇ ಗೊತ್ತಾಗಲಿಲ್ಲ, ಹಪ್ಪಳಕ್ಕಿಂತ ಹಗುರ. ಅಪ್ಪ ತಮ್ಮ ನಕ್ಷೆ ಬರೆಯುವ ಮೇಜನ್ನು ಅಣ್ಣನಿಗೆ ಬಿಟ್ಟುಕೊಟ್ಟು ತಾವು ಪಡಸಾಲೆಯ ನೆಲದಲ್ಲಿ ಕೂತು ಕೆಲಸ ಮಾಡಿಕೊಂಡರು. ಅದನ್ನು ಬಾಯಲ್ಲಿ ಹೇಳಲಿಲ್ಲ, ಒಂದು ಸಂಜೆ ಮೇಜು ಖಾಲಿ ಇತ್ತು ಅಷ್ಟೇ. ಅಣ್ಣ ರೆಕ್ಕೆಯ ಪಕ್ಕೆಲುಬುಗಳನ್ನು ಬ್ಲೇಡಿನಲ್ಲಿ ಕತ್ತರಿಸಿ, ಗುಂಡುಸೂಜಿ ಚುಚ್ಚಿ, ಅಂಟು ಹಾಕಿ, ಒಣಗುವ ತನಕ ಯಾರೂ ಓಡಾಡಬಾರದು ಅಂತ ಕಟ್ಟಪ್ಪಣೆ ಮಾಡುತ್ತಿದ್ದ. ರೆಕ್ಕೆ ಮುಗಿದ ಮೇಲೆ ಇಡಲು ಜಾಗವಿಲ್ಲದೆ ಅಜ್ಜಿಯ ಮಡಿಬಟ್ಟೆಯ ಗಳಕ್ಕೆ ನೇತುಹಾಕಿದ. ಅಜ್ಜಿ ಸ್ನಾನ ಮಾಡಿ ಬಂದು ಕೋಲಿನಿಂದ ಸೀರೆ ಎಳೆದರೆ ಸೀರೆಯ ಜೊತೆ ರೆಕ್ಕೆಯೂ ತೂಗಿತು. ಅವತ್ತು ಬೈದ ತೆಲುಗು ಬೈಗುಳಗಳನ್ನು ನಾನು ಮದುವೆಯಾದ ಮೇಲೂ ಒಂದೆರಡು ಸಲ ಬಳಸಿದ್ದೇನೆ. ರೆಕ್ಕೆಗೆ ಹೊದಿಸಲು ತೆಳ್ಳನೆಯ ಕಾಗದ. ಅಂಟಿಸಿ, ನೀರು ಚಿಮುಕಿಸಿ, ಒಣಗಿದರೆ ಅದು ತಬಲದ ಚರ್ಮದ ಹಾಗೆ ಬಿಗಿಯಬೇಕು. ಅಣ್ಣ ಎರಡು ಸಲ ಮಾಡಿ ಎರಡು ಸಲವೂ ಹರಿದ. ಕೊನೆಗೆ ಅಮ್ಮ ಸೀರೆಗೆ ಇಸ್ತ್ರಿ ಮಾಡುವಾಗ ನೀರು ಹನಿಸುವ ಹಾಗೆ ಐದು ಬೆರಳಿನ ತುದಿಯಿಂದ ಚಿಮುಕಿಸಿ, ಅಂಚು ಹಿಡಿದು ನೇವರಿಸಿ, ಒಂದು ಸುಕ್ಕೂ ಇಲ್ಲದೆ ಕೂರಿಸಿಕೊಟ್ಟರು. ಅದರ ಮೇಲೆ ಬಳಿಯುವ ಅರಗಿನ ನಾತಕ್ಕೆ ಅಜ್ಜಿ ಮೂರು ದಿನ ಹಿತ್ತಲಿನಲ್ಲೇ ಊಟ ಮಾಡಿದರು. ಅವರು ಒಲಿದಿದ್ದು ಎಂಜಿನ್ನಿಗೆ ಎಣ್ಣೆ ಬೇಕಾದಾಗ. ಅದರ ಇಂಧನಕ್ಕೆ ಹರಳೆಣ್ಣೆ ಬೆರೆಸಬೇಕಿತ್ತು. ಅಜ್ಜಿಯ ಪಿಂಗಾಣಿ ಭರಣಿಯಲ್ಲಿ ಮನೆಯಲ್ಲೇ ಕಾಯಿಸಿ ಸೋಸಿದ ಹರಳೆಣ್ಣೆ ಇತ್ತು.

"ಇದು ಹರಳೆಣ್ಣೆ ಕುಡಿಯುತ್ತಾ?"

"ಹೂಂ ಅಜ್ಜಿ. ಇಲ್ಲಾಂದ್ರೆ ಎಂಜಿನ್ನು ಹಿಡ್ಕೊಳ್ಳುತ್ತೆ."

"ಹೊಟ್ಟೆ ಹಿಡ್ಕೊಳ್ಳೋ ಮಗೂಗೂ ಇದೇ ಅಲ್ವಾ ಕೊಡೋದು. ಎಷ್ಟು ಬೇಕೋ ತಗೋ."

ಈಗ ಬೊಟ್ಟಿನ ವಿಷಯ ಹೇಳಬೇಕು. ನಮ್ಮ ಮನೆಯ ಹೆಂಗಸರಿಗೆ ಏನಾದರೂ ಆಗಬೇಕಿದ್ದರೆ ಆಂಜನೇಯನ ಪಟದ ಬಾಲಕ್ಕೆ ಬೊಟ್ಟಿಡುವ ಹರಕೆ ಹೊರುತ್ತಿದ್ದರು. ಬಾಲದ ಬುಡದಿಂದ ಶುರುಮಾಡಿ ದಿನಕ್ಕೊಂದು ಗಂಧದ ಬೊಟ್ಟು, ಅದರ ಮೇಲೆ ಕುಂಕುಮ. ನಲವತ್ತೆಂಟನೆಯ ದಿನ ಬಾಲದ ತುದಿ ಮುಟ್ಟಬೇಕು. ಅವನ ಶಕ್ತಿಯೆಲ್ಲ ಬಾಲದಲ್ಲೇ ಅಂತ ಅಜ್ಜಿ ಹೇಳುತ್ತಿದ್ದರು. ಅಮ್ಮ ಅಪ್ಪನ ವರ್ಗಕ್ಕೆ ಬೊಟ್ಟಿಟ್ಟಿದ್ದರು, ಅಜ್ಜಿ ನಾನು ಹುಟ್ಟಲೆಂದು ಇಟ್ಟಿದ್ದರಂತೆ. ಇದಕ್ಕೆ ಒಂದೇ ನಿಯಮ, ಏನು ಬೇಡಿಕೊಂಡೆ ಅಂತ ಯಾರಿಗೂ ಬಾಯಿ ಬಿಡಬಾರದು. ಬಿಟ್ಟರೆ ಫಲವಿಲ್ಲ. ಅಣ್ಣ ರೆಕ್ಕೆಯ ಮೊದಲ ಪಕ್ಕೆಲುಬು ಕತ್ತರಿಸಿದ ಎರಡು ವಾರಕ್ಕೆ ನಾನೂ ಬೊಟ್ಟಿಡಲು ಶುರುಮಾಡಿದೆ. ಯಾರಿಗೆ ಅಂತ ಅಜ್ಜಿ ಕೇಳಲಿಲ್ಲ, ಕೇಳುವ ಹಾಗಿಲ್ಲ. ಹುಡುಗಿ ಪರೀಕ್ಷೆಗೆ ಬೇಡಿಕೊಳ್ಳುತ್ತಿದ್ದಾಳೆ ಅಂತ ಅಂದುಕೊಂಡಿರಬೇಕು. ನನ್ನ ಎಣಿಕೆಯ ಪ್ರಕಾರ ವಿಮಾನ ಮುಗಿಯುವಷ್ಟರಲ್ಲಿ ತುದಿ ಮುಟ್ಟುತ್ತಿತ್ತು. ಆದರೆ ಮಾಮನಿಗೆ ರಜೆ ಸಿಕ್ಕಿದ್ದು ಬೇಗ. ಈ ಭಾನುವಾರವೇ ಹಾರಿಸೋಣ, ಆಮೇಲೆ ಒಂದು ತಿಂಗಳು ಬರಕ್ಕಾಗಲ್ಲ ಅಂತ ಕಾಗದ ಬಂತು. ಬೆರಳಿಟ್ಟು ಎಣಿಸಿ ನೋಡಿದೆ. ಎಂಟು ಬೊಟ್ಟು ಕಡಿಮೆ. ಒಂದೇ ದಿನ ಒಂಬತ್ತು ಇಡಬಹುದೇ ಅಂತ ಅಜ್ಜಿಯನ್ನು ಸುತ್ತುಬಳಸಿ ಕೇಳಿದೆ. ಒಂದೇ ದಿನ ಒಂಬತ್ತು ಊಟ ಮಾಡ್ತೀಯೇನೇ ಅಂದರು.

ಅಂತ್ರ ಹೊಳೆದಿದ್ದು ಹಾಗೆ. ಚಿಕ್ಕಂದಿನಲ್ಲಿ ನಿದ್ದೆಯಲ್ಲಿ ಬೆಚ್ಚಿಬೀಳುತ್ತಿದ್ದೆ ಅಂತ ಅಜ್ಜಿ ಗುಡಿಯಲ್ಲಿ ಪೂಜೆ ಮಾಡಿಸಿ ಕಟ್ಟಿದ್ದು, ಹೆಬ್ಬೆರಳಿನ ಗಾತ್ರದ ತಾಮ್ರದ ಕೊಳವೆ, ಒಳಗೆ ಸುರುಳಿ ಸುತ್ತಿದ ತಗಡು, ಎರಡೂ ಬಾಯಿಗೆ ಅರಗು. ಪಟದ ಬಾಲದಲ್ಲಿ ಕಡಿಮೆಯಾಗಿದ್ದನ್ನು ವಿಮಾನದ ಬಾಲದಲ್ಲಿ ತುಂಬಿದರೆ ಸರಿಹೋಗುತ್ತೆ ಅಂತ ನನ್ನ ಲೆಕ್ಕ. ಇದರಲ್ಲಿ ನನಗೆ ಸ್ವಲ್ಪವೂ ಅನುಮಾನ ಇರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತೆ. ಅದರ ಹಿಂದಿನ ಸಂಜೆ ಅಣ್ಣ ನನ್ನನ್ನು ಕೂರಿಸಿಕೊಂಡು ತೂಗುವುದನ್ನು ತೋರಿಸಿದ್ದ. ರೆಕ್ಕೆಯ ಅಡಿ ಎರಡೂ ಕಡೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಆ ಗೆರೆಗೆ ಎರಡು ತೋರುಬೆರಳು ಕೊಟ್ಟು ಎತ್ತಿದ. ವಿಮಾನ ತಕ್ಕಡಿಯ ಹಾಗೆ ಮಟ್ಟವಾಗಿ ನಿಂತಿತು. ಮೂತಿಯ ಕಡೆ ಬ್ಯಾಟರಿ ಅಂಗಡಿಯಿಂದ ತಂದ ಸೀಸದ ಚೂರುಗಳನ್ನು ಒಂದೊಂದೇ ಸೇರಿಸಿ ಹದ ಮಾಡಿದ್ದ. ಅಪ್ಪ ಬಂದು ಎರಡನೆಯ ಸಲ ನೋಡಬೇಕಿತ್ತು. ಅವತ್ತು ಶ್ರೀನಿವಾಸಪುರದ ಬಸ್ಸು ಕೆಟ್ಟು ಅವರು ಬರುವುದು ತಡವಾಯಿತು. ಅಣ್ಣನಿಗೆ ಕಾಯುವ ತಾಳ್ಮೆ ಇರಲಿಲ್ಲ, ಮೂತಿ ಮುಚ್ಚಿ ಅಂಟು ಹಾಕಿಬಿಟ್ಟ. ಆಮೇಲೆ ನನಗೆ ಹೇಳಿದ,

"ಮೂತಿ ಹತ್ರ ಮೂರು ಚೂರು ಹಾಕಿದ್ರೆ ಎಷ್ಟೋ, ಬಾಲದ ಹತ್ರ ಒಂದೇ ಚೂರು ಹಾಕಿದ್ರೂ ಅಷ್ಟೇ ಕಣೇ ವನಿ. ಬಾಲ ದೂರ ಇದೆಯಲ್ಲ, ಅದಕ್ಕೆ."

ನಾನು ಹೂಂ ಅಂದಿದ್ದೆ. ಅರ್ಥವಾಗಿಯೇ ಹೂಂ ಅಂದಿದ್ದೆ. ಆದರೆ ಅಂತ್ರ ಸೀಸವಲ್ಲ, ಅದು ದೇವರದು, ದೇವರದಕ್ಕೆ ತೂಕ ಇರುವುದಿಲ್ಲ ಅಂತ ಬೆಳಿಗ್ಗೆಗೆ ನನಗೆ ನಾನೇ ಹೇಳಿಕೊಂಡೆ.

ಜಾಗ ಆರಿಸಿದ್ದು ಅಪ್ಪ. ಶ್ರೀನಿವಾಸಪುರದ ರಸ್ತೆಯಲ್ಲಿ ಒಂದು ಬತ್ತಿದ ಕೆರೆ, ಅದರ ಅಂಗಳ ಉದ್ದಕ್ಕೆ ಸಪಾಟು, ಒಂದು ಜಾಲಿಗಿಡವೂ ಅಡ್ಡ ಇಲ್ಲ, ಆಚೆ ದಡಕ್ಕೆ ಮಾವಿನ ತೋಪು. ನಾನೇ ಸರಪಳಿ ಹಾಕಿ ಅಳೆದಿದ್ದೀನಿ ಅಂದರು. ಅಮ್ಮನ ಹಳೆಯ ಸೀರೆಯಲ್ಲಿ ರೆಕ್ಕೆ ಸುತ್ತಿ ಅಪ್ಪ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಮೈಯ ಭಾಗ ಅಣ್ಣನ ಮಡಿಲಲ್ಲಿ, ಪೆಟ್ಟಿಗೆ ಮಾಮನ ಹತ್ತಿರ, ಇಂಧನದ ಬಾಟಲಿ ನನ್ನ ಹತ್ತಿರ. ಕಂಡಕ್ಟರು ಬಂದು ನೋಡಿ, ಸ್ವಂತ ವಿಮಾನ ಇಟ್ಕೊಂಡು ಬಸ್ಸಲ್ಲಿ ಯಾಕೆ ಸ್ವಾಮಿ ಕಷ್ಟಪಡ್ತೀರಾ ಅಂದ. ಬಸ್ಸೆಲ್ಲ ನಕ್ಕಿತು. ಅಪ್ಪನೂ ನಕ್ಕರು. ಅಪ್ಪ ಹೊರಗಿನವರ ಮುಂದೆ ಹಲ್ಲು ಕಾಣುವ ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕೆರೆಯ ಅಂಗಳದಲ್ಲಿ ರಬ್ಬರ್ ಬ್ಯಾಂಡ್ ಬಿಗಿದು ರೆಕ್ಕೆ ಕೂರಿಸಿದರು. ಮಾಮ ಪೆಟ್ಟಿಗೆಯ ಕಡ್ಡಿ ಆಡಿಸಿದಾಗ ಬಾಲದ ರೆಪ್ಪೆ ಮೇಲೆ ಕೆಳಗೆ ಆಡಿತು. ಗಾಳಿ ಎದ್ದರೆ ಹಾರಿಸುವುದು ಕಷ್ಟ ಅಂತ ಅವರಿಗೆ ಅವಸರ.

"ಬ್ಯಾಲೆನ್ಸ್ ನೋಡಿದ್ಯೇನೋ ಪಾಂಡು?"

"ನಿನ್ನೆ ಸಂಜೆ ನೋಡಿದೀನಿ ಮಾಮ. ಗೆರೆಗೆ ಸರಿಯಾಗಿ ನಿಂತಿತ್ತು."

"ಇನ್ನೊಂದ್ಸಲ ನೋಡೋಣ್ವಾ?"

ಅಣ್ಣ ಅಪ್ಪನ ಮುಖ ನೋಡಿದ. ಬೇಡ ಮಾಮ, ಸರಿಯಾಗಿದೆ ಅಂದ ಅಣ್ಣ. ಅಪ್ಪನ ಎದುರಿಗೆ ತನ್ನ ಅಳತೆಯ ಮೇಲೆ ತಾನು ನಿಂತು ತೋರಿಸಬೇಕು ಅಂತ ಅವನಿಗಿತ್ತು, ಅದು ನನಗೆ ಆಗಲೇ ಕಂಡಿತ್ತು. ನಾನು ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿ ಬಾಟಲಿ ಹಿಡಿದು ನಿಂತಿದ್ದೆ. ಬಾಯಿ ತೆರೆದಿದ್ದರೆ ಸಾಕಿತ್ತು. ಬಾಯಿ ಬಿಟ್ಟರೆ ನಲವತ್ತು ದಿನದ ಬೊಟ್ಟೂ ಹೋಗುತ್ತೆ ಅಂತ ತುಟಿ ಕಚ್ಚಿಕೊಂಡೆ. ಅದರ ಜೊತೆಗೆ, ಮಾಮ ನಗುತ್ತಾರೆ, ಅಣ್ಣ ತಲೆಗೆ ಮೊಟಕುತ್ತಾನೆ ಅನ್ನುವ ನಾಚಿಕೆಯೂ ಇತ್ತು. ಯಾವುದು ಎಷ್ಟು ಪಾಲು ಅಂತ ಈಗ ಬಿಡಿಸಿ ಹೇಳಲಾರೆ. ಬೊಟ್ಟೇ ಕಾರಣ ಅಂತ ಬಹಳ ವರ್ಷ ನಂಬಿಕೊಂಡಿದ್ದೆ. ನಾಚಿಕೆಯೇ ಹೆಚ್ಚಿತ್ತು ಅಂತ ಈಗ ಅನ್ನಿಸುತ್ತೆ.

ಮೂತಿಯ ಪಂಕಕ್ಕೆ ಕೊಟ್ಟ ಮೂರನೆಯ ಬೆರಳೇಟಿಗೆ ಎಂಜಿನ್ನು ಶುರುವಾಯಿತು. ಕೆರೆಯ ಅಂಗಳದ ತುಂಬ ಅಜ್ಜಿಯ ಹರಳೆಣ್ಣೆಯ ಹೊಗೆ. ಮಾಮ ಪೆಟ್ಟಿಗೆಯನ್ನು ಅಣ್ಣನ ಕೈಗೆ ಕೊಟ್ಟು, ವಿಮಾನವನ್ನು ತಲೆಯ ಮೇಲೆ ಎತ್ತಿ ಹಿಡಿದು ಗಾಳಿಗೆ ಎದುರಾಗಿ ಓಡಿ ಬಿಟ್ಟರು. ಹೇಂಟೆ ಹಾರಿತು. ನಿಜವಾಗಿ ಹಾರಿತು. ಮೂತಿ ಎತ್ತಿ ಮೇಲಕ್ಕೆ ಹೋದಾಗ ಅಪ್ಪ ಎರಡೂ ಕೈ ಸೊಂಟದ ಮೇಲಿಟ್ಟು, ಭೇಷ್ ಅಂದರು, ಸಣ್ಣ ದನಿಯಲ್ಲಿ, ತಮಗೇ ಅನ್ನುವ ಹಾಗೆ. ಆದರೆ ಅದು ಮೂತಿ ಇಳಿಸಲಿಲ್ಲ. ಏಣಿ ಹತ್ತುವವರ ಹಾಗೆ ನೆಟ್ಟಗೆ ಹತ್ತುತ್ತಲೇ ಹೋಯಿತು. ಅಣ್ಣನ ಹೆಬ್ಬೆರಳು ಕಡ್ಡಿಯನ್ನು ಕೊನೆಯ ತನಕ ಮುಂದಕ್ಕೆ ಒತ್ತಿತ್ತು. ಮಾಮ, ತಳ್ಳು, ಮುಂದಕ್ಕೆ ತಳ್ಳು ಅನ್ನುತ್ತಾ ಓಡಿ ಬಂದರು. ತಳ್ಳಲು ಇನ್ನು ಜಾಗ ಇರಲಿಲ್ಲ. ತೆಂಗಿನ ಮರದಷ್ಟು ಎತ್ತರದಲ್ಲಿ ವಿಮಾನ ನಿಂತ ಹಾಗಾಯಿತು, ಬಾಲ ಜೋತುಬಿತ್ತು, ಒಂದು ರೆಕ್ಕೆ ಕೆಳಗಾಯಿತು, ಆಮೇಲೆ ತಿರುಗುತ್ತಾ ಬಂದು ಒಣಗಿ ಬಿರುಕುಬಿಟ್ಟ ನೆಲಕ್ಕೆ ಮೂತಿ ಹೊಡೆಯಿತು. ಸದ್ದು ದೊಡ್ಡದೇನಲ್ಲ. ಹಪ್ಪಳದ ಡಬ್ಬ ಬಿದ್ದ ಹಾಗೆ.

ಮೊದಲು ಓಡಿದವಳು ನಾನು. ಮೂರು ವರ್ಷದ ಮಗುವಾಗಿದ್ದಾಗಿನಿಂದ ಕೊರಳಲ್ಲಿದ್ದ ವಸ್ತು ಎಲ್ಲಿದೆ ಅಂತ ನನಗಲ್ಲದೆ ಇನ್ಯಾರಿಗೆ ಗೊತ್ತು. ಬಾಲ ಬುಡದಲ್ಲಿ ಮುರಿದು ಬೇರೆಯಾಗಿ ಬಿದ್ದಿತ್ತು. ಒಳಗೆ ಅಂತ್ರದ ಕೆಂಪು ದಾರ ಕಾಣುತ್ತಿತ್ತು. ಕಿತ್ತು ಲಂಗದ ಲಾಡಿಯ ಮಡಿಕೆಗೆ ಸಿಕ್ಕಿಸಿಕೊಂಡೆ. ತಿರುಗಿದಾಗ ಅಣ್ಣ ಪೆಟ್ಟಿಗೆಯನ್ನು ಎದೆಗೆ ಹಿಡಿದುಕೊಂಡೇ ನಡೆದು ಬರುತ್ತಿದ್ದ, ಹೆಬ್ಬೆರಳು ಇನ್ನೂ ಕಡ್ಡಿಯ ಮೇಲೆ. ನಾನು ಮಾಡಿದ ತಪ್ಪು ಬೆಳಿಗ್ಗೆಯದ್ದಲ್ಲ. ಬೆಳಿಗ್ಗೆಯದ್ದು ಹನ್ನೊಂದು ವರ್ಷದ ಹುಡುಗಿಯ ಭಕ್ತಿ ಅಂತ ಯಾರಾದರೂ ಕ್ಷಮಿಸಬಹುದು. ಇದು ಬೇರೆ. ಇದನ್ನು ಮಾಡುವಾಗ ಏನು ಮಾಡುತ್ತಿದ್ದೇನೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ಮಾಮ ತುಂಡುಗಳನ್ನು ತಿರುಗಿಸಿ ನೋಡಿದರು. ಬೈಯುವ ಮನುಷ್ಯರಲ್ಲ, ಬೈಯಲೂ ಇಲ್ಲ.

"ಬಾಲ ಭಾರ ಕಣೋ. ಹತ್ತಿದ ರೀತಿ ನೋಡಿದ್ರೇ ಗೊತ್ತಾಗುತ್ತೆ. ತೂಗಿದ್ದು ಎಲ್ಲೋ ತಪ್ಪಿದೀಯ."

"ಸರಿಯಾಗಿ ನಿಂತಿತ್ತು ಮಾಮ. ವನೀನ ಕೇಳಿ, ಅವಳೂ ನೋಡಿದಾಳೆ."

ಎಲ್ಲರೂ ನನ್ನ ಕಡೆ ನೋಡಿದರು. ನನಗೆ ಗೊತ್ತಿಲ್ಲ ಅಂದೆ. ಸರಿಯಾಗಿ ನೋಡಲಿಲ್ಲ ಅಂದೆ.

ಅಪ್ಪ ಬಗ್ಗಿ ರೆಕ್ಕೆ ಎತ್ತಿಕೊಂಡು, ಅಡಿಯ ಪೆನ್ಸಿಲ್ ಗೆರೆಯ ಮೇಲೆ ಉಗುರು ಓಡಿಸಿದರು. ಸಿಟ್ಟಾಗಿದ್ದರೆ ಅಣ್ಣ ಎದುರು ಮಾತಾಡುತ್ತಿದ್ದ. ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ.

"ನಾನು ಬರೋ ತನಕ ಕಾಯಬೇಕಿತ್ತು ಮಗು. ಒಬ್ಬನೇ ಅಳೆದದ್ದು ಅಳತೆ ಅಲ್ಲ."

ಆ ಮೇಲಿನದು ಬಹಳ ನಿಧಾನವಾಗಿ ಆಯಿತು, ಆದ್ದರಿಂದ ಯಾರಿಗೂ ದೊಡ್ಡದಾಗಿ ಕಾಣಲಿಲ್ಲ. ಅಣ್ಣ ಒಂದು ತಿಂಗಳು ನಕ್ಷೆ ಹರಡಿಕೊಂಡು ಎಲ್ಲಿ ತಪ್ಪಿದೆ ಅಂತ ಹುಡುಕಿದ. ಇರದ ತಪ್ಪು ಸಿಗುವುದಾದರೂ ಹೇಗೆ. ಸಿಗದಿದ್ದಷ್ಟೂ ಅವನಿಗೆ ತನ್ನ ಕಣ್ಣಿನ ಮೇಲೆ ಅಪನಂಬಿಕೆ ಹೆಚ್ಚಿತು. ಇನ್ನೊಂದು ಕಟ್ಟೋಣ, ಮೊದಲನೆಯದು ಎಲ್ಲರದ್ದೂ ಬೀಳುತ್ತೆ ಅಂತ ಮಾಮ ಕಾಗದ ಬರೆದರು. ಅಪ್ಪನೂ ಒಂದು ದಿನ, ಮೇಜು ಹಾಗೇ ಇರಲಿ ಬಿಡು ಅಂದರು. ಅಣ್ಣನೇ ಬೇಡ ಅಂದ. ಕೆಲಸ ಕಲಿಸುವ ಶಾಲೆಯ ಅರ್ಜಿ ಬಂದಾಗ ತುಂಬಲಿಲ್ಲ. ನನ್ನ ಕೈ ಅಂಥಾ ಕೈ ಅಲ್ಲ ಮಾಮ, ನಾನು ಮಾಡಿದ್ರಲ್ಲಿ ತಪ್ಪಿದ್ರೆ ನನಗೇ ಕಾಣಲ್ಲ, ಅಲ್ಲಿ ಜನ ಕೂತು ಹೋಗೋ ವಿಮಾನ ಅಂದನಂತೆ. ಬಿ.ಕಾಂ. ಓದಿದ. ಮಾಲೂರಿನ ಹೆಂಚಿನ ಕಾರ್ಖಾನೆಯೊಂದರ ಆಫೀಸಿಗೆ ಸೇರಿದ, ಅಲ್ಲೇ ಮದುವೆಯಾದ, ಅಲ್ಲೇ ಮನೆ ಕಟ್ಟಿದ. ಕೆಟ್ಟ ಬದುಕೇನಲ್ಲ. ನಗುತ್ತಾನೆ, ಹಬ್ಬಕ್ಕೆ ಬರುತ್ತಾನೆ. ಮನೆ ಕಟ್ಟಿಸುವಾಗ ಮಾತ್ರ ಮೇಸ್ತ್ರಿಯ ಹಿಂದೆ ಒಂದು ಮಾತೂ ಆಡದೆ ನಿಂತಿರುತ್ತಿದ್ದ. ಬಾಗಿಲಿನ ಅಗಲ ಎಷ್ಟಿರಲಿ ಅಂತ ಕೇಳಿದರೆ, ನಿಮಗೆ ಸರಿ ಕಂಡಷ್ಟು ಅನ್ನುತ್ತಿದ್ದ. ಅದನ್ನು ಅತ್ತಿಗೆ ನನ್ನ ಹತ್ತಿರ ತಮಾಷೆಯಾಗಿ ಹೇಳಿಕೊಂಡು ನಕ್ಕಾಗ ನಾನೂ ನಕ್ಕೆ.

ಅಂತ್ರವನ್ನು ದಾರ ಹರಿಯಿತು ಅಂತ ಹೇಳಿ ಐದಾರು ದಿನ ಬಚ್ಚಿಟ್ಟುಕೊಂಡಿದ್ದು, ಶನಿವಾರ ಗುಡಿಯ ಹುಂಡಿಗೆ ಹಾಕಿಬಿಟ್ಟೆ. ಬೊಟ್ಟಿನ ಹರಕೆಯನ್ನು ನಲವತ್ತರಲ್ಲೇ ನಿಲ್ಲಿಸಿದೆ. ಅಜ್ಜಿ ನೋಡಿದರು, ಕೇಳಲಿಲ್ಲ. ಅಜ್ಜಿ ಹೋದರು, ಆಮೇಲೆ ಗೋಪಿ ಮಾಮ ಹೋದರು. ಅಪ್ಪ ಕೊನೆಯ ಎರಡು ವರ್ಷ ಕೋಲಾರದಲ್ಲಿ ನನ್ನ ಮನೆಯಲ್ಲೇ ಇದ್ದರು. ಅವರಿಗೆ ದಿನಾ ಮಧ್ಯಾಹ್ನ ಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ. ಒಂದು ದಿನ ತಾವಾಗಿಯೇ, ಪಾಂಡೂಗೆ ಅವತ್ತು ಇನ್ನೊಂದು ಮಾತು ಹೇಳಬೇಕಿತ್ತು ನಾನು, ಬರೀ ಅಳತೆ ಮಾತು ಹೇಳ್ದೆ ಅಂದರು. ಯಾವತ್ತು ಅಂತ ಕೇಳುವ ಅಗತ್ಯ ಇರಲಿಲ್ಲ. ಎಣ್ಣೆಯ ಬಟ್ಟಲು ನನ್ನ ಕೈಯಲ್ಲಿತ್ತು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇದಕ್ಕಿಂತ ಒಳ್ಳೆಯ ಹೊತ್ತು ಯಾರೂ ನನಗೆ ಮಾಡಿಕೊಡಲಾರರು. ಇನ್ನೊಂದು ಕಾಲು ಕೊಡಿ ಅಪ್ಪ ಅಂದೆ.

ಅಣ್ಣನಿಗೆ ಹೇಳಿದ್ದು ಅಪ್ಪ ಹೋದ ಮರುವರ್ಷ, ಅವರೆಕಾಯಿಯ ಕಾಲದಲ್ಲಿ. ಮಾಲೂರಿನ ಅವನ ಮನೆಯಲ್ಲಿ ಇಬ್ಬರೂ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದೆವು. ಅವನ ಮುಖ ನೋಡದೆ, ಕಾಳಿನ ಮೇಲೆ ಕಣ್ಣಿಟ್ಟು, ಬೊಟ್ಟಿನಿಂದ ಹುಂಡಿಯವರೆಗೆ ಹೇಳಿ ಮುಗಿಸಿದೆ. ಅವನು ಹಿಸುಕುವುದನ್ನು ನಿಲ್ಲಿಸಲಿಲ್ಲ. ಎಷ್ಟಿತ್ತು ತೂಕ ಅಂತ ಕೇಳಿದ. ಗೊತ್ತಿಲ್ಲ ಅಂತ ಹೆಬ್ಬೆರಳು ತೋರಿಸಿದೆ. ಬೈಯಲಿ ಅಂತ ಕಾದೆ.

"ಅಪ್ಪ ಇದ್ದಾಗ ಹೇಳಿದ್ರೆ ಚೆನ್ನಾಗಿತ್ತು ಕಣೇ."

ಅಷ್ಟೇ ಅಂದು, ಸಿಪ್ಪೆಯ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದ. ಒಂದು ವಾರದ ಮೇಲೆ ಫೋನು ಮಾಡಿದ. ಪರಿಚಯದ ಅಕ್ಕಸಾಲಿಗರ ಅಂಗಡಿಯಲ್ಲಿ ಅಂಥದ್ದೇ ಒಂದು ತಾಮ್ರದ ಅಂತ್ರ ತೂಗಿಸಿದನಂತೆ. ಬಾಲದ ಉದ್ದ, ರೆಕ್ಕೆಯ ಗೆರೆ, ಮೂತಿಯ ಸೀಸ ಎಲ್ಲ ಅವನಿಗೆ ಇಷ್ಟು ವರ್ಷದ ಮೇಲೂ ಬಾಯಲ್ಲಿತ್ತು. ಕಾಗದದ ಮೇಲೆ ಹಾಕಿ ನೋಡಿದೆ, ಆ ತೂಕಕ್ಕೆ ಬೀಳಲೇಬೇಕಿತ್ತು ಅಂದ. ಆಮೇಲೆ, ನನ್ನ ಗೆರೆ ಸರಿಯಾಗೇ ಇತ್ತು ವನಿ ಅಂದ. ಹೂಂ ಅಣ್ಣ ಅಂದೆ. ಅವನಿಗೆ ಆಗ ಐವತ್ತರ ಹತ್ತಿರ. ಆ ಮಾತನ್ನು ಅವನು ಹದಿನೇಳಕ್ಕೆ ಕೇಳಿಸಿಕೊಳ್ಳಬೇಕಿತ್ತು.

ಆ ಭಾನುವಾರ ನಾವು ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅಮ್ಮ ಬಾಗಿಲಲ್ಲೇ ನಮ್ಮ ಮುಖ ನೋಡಿ ಒಳಗೆ ಹೋದರು. ನಾವು ಹಾರಿಸಿಕೊಂಡು ಬರುತ್ತೇವೆ ಅಂತ ಬೇಳೆ ಬೇಯಿಸಿ ಬೆಲ್ಲ ಹಾಕಿ ಹೂರಣ ರುಬ್ಬಿ ಇಟ್ಟಿದ್ದರು. ಬೇಸಿಗೆಯಲ್ಲಿ ಹೂರಣ ನಾಳೆಗೆ ಉಳಿಯುವುದಿಲ್ಲ. ಒಬ್ಬಟ್ಟು ತಟ್ಟಲೇಬೇಕಾಯಿತು. ಏಳು ಗಂಟೆಗೆ ಎಲೆ ಹಾಕಿ, ಒಬ್ಬಟ್ಟು, ತುಪ್ಪ, ಒಬ್ಬಟ್ಟಿನ ಸಾರು, ಕೊತ್ತಂಬರಿ ಹಾಕಿದ ಕೋಸಂಬರಿ, ಹಬ್ಬದ ಅಡುಗೆಯನ್ನೇ ಸಾವಿನ ಮನೆಯವರ ಹಾಗೆ ಉಂಡೆವು. ಅಪ್ಪ ಮತ್ತು ಅಣ್ಣ ಪಕ್ಕಪಕ್ಕ ಕೂತಿದ್ದರು. ಅಪ್ಪ ತಮ್ಮ ಎಲೆಯಿಂದ ಒಂದು ಒಬ್ಬಟ್ಟು ಎತ್ತಿ ಅಣ್ಣನ ಎಲೆಗೆ ಹಾಕಿದರು. ಅಣ್ಣ ಅದನ್ನು ತಿಂದ. ಮಾಮ ಕೊನೆಯ ಬಸ್ಸಿಗೆ ಹೋದರು. ಅಣ್ಣ ನಡುಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ. ಅಪ್ಪ ಜಗಲಿಯಲ್ಲೇ ಕೂತಿದ್ದರಂತೆ, ಅಮ್ಮ ಎರಡು ಸಲ ಹೋಗಿ ಕರೆದರಂತೆ, ಅಜ್ಜಿ ಮಗ್ಗುಲು ಬದಲಿಸುತ್ತಲೇ ಇದ್ದರಂತೆ. ಇದೆಲ್ಲ ಮರುದಿನ ಅಮ್ಮ ಹೇಳಿ ನನಗೆ ಗೊತ್ತಾದದ್ದು. ನಾನು ಮೂರು ಒಬ್ಬಟ್ಟು ತಿಂದಿದ್ದೆ. ಆ ಮನೆಯಲ್ಲಿ ಅವತ್ತು ಎಲ್ಲರಿಗಿಂತ ಮೊದಲು ನಿದ್ದೆ ಬಂದಿದ್ದು ನನಗೆ.